ಬಾಡಿಗೆ ಮನೆಯ ಬಿಳಿ ಗೋಡೆಗೆ ಸಾಗರದ ಕೆಂಪು

ಜರ್ಮನಿಗೆ ಬಂದಿಳಿದವರಿಗೆ ಮೊದಲು ಪರಿಚಯವಾಗುವ ಬಣ್ಣ ಬಿಳಿ. ಸ್ಟುಟ್‌ಗಾರ್ಟ್‌ನಲ್ಲಿ ನಾವು ಹಿಡಿದ ಎರಡು ಕೋಣೆಗಳ ಮನೆಯಲ್ಲಿ ಗೋಡೆ, ಚಾವಣಿ, ಬಾಗಿಲು, ಕಿಟಕಿಯ ಚೌಕಟ್ಟು ಎಲ್ಲವೂ ಬಿಳಿಯೇ. ಇಲ್ಲಿ ಅನೇಕ ಮನೆಗಳು ದೀಪಗಳಿಲ್ಲದೆ, ಕೆಲವೊಮ್ಮೆ ಅಡುಗೆಮನೆಯ ಕಪಾಟು, ಒಲೆಗಳೂ ಇಲ್ಲದೆ ಕೈಸೇರುತ್ತವೆ. ಚಾವಣಿಯಿಂದ ತಂತಿಗಳಷ್ಟೇ ಇಳಿಬಿದ್ದಿರುತ್ತವೆ. ವಿಡಿಯೊ ಕರೆಯಲ್ಲಿ ಮನೆ ಕಂಡ ಅಮ್ಮ, "ಎಂತದೇ ಇದು, ಆಸ್ಪತ್ರೆ ಇದ್ದ ಹಾಗಿದೆಯಲ್ಲ!" ಎಂದಿದ್ದಳು.

ಬೇಸಿಗೆಯಲ್ಲಿ ಅದು ನನಗೆ ಭಾರವೆನಿಸಲಿಲ್ಲ. ಡಿಸೆಂಬರ್ ಬಂದಾಗ ಸಂಜೆ 4.30ಕ್ಕೆಲ್ಲ ಸೂರ್ಯ ಮುಳುಗತೊಡಗಿದ. ಹೊರಗೆ ಬೂದು ಆಕಾಶ, ಒಳಗೆ ಬಿಳಿ ಗೋಡೆ. ನನಗಿನ್ನೂ ಕೆಲಸ ಸಿಕ್ಕಿರಲಿಲ್ಲ. ವಾರಗಟ್ಟಲೆ ಪರದೆ ಸರಿಸುವ ಮನಸ್ಸೂ ಬಾರದ ಸ್ಥಿತಿ. "ಹೇಗೂ ಎರಡು ವರ್ಷದಲ್ಲಿ ಊರಿಗೆ ಹೋಗುತ್ತೇವಲ್ಲ, ಖರ್ಚೇಕೆ?" ಎಂಬುದು ಪತಿಯ ವಾದ. ಇದೇ ಮಾತು ಹೇಳುತ್ತ ಎಂಟು ವರ್ಷ ಬರಿಗೋಡೆಗಳ ನಡುವೆ ಕಳೆದ ಕನ್ನಡ ಕುಟುಂಬವೊಂದನ್ನು ನಾನು ಬಲ್ಲೆ. ಅವರ ಪೆಟ್ಟಿಗೆಗಳಲ್ಲಿ ಕೆಲವು ಇಂದಿಗೂ ಬಿಚ್ಚಿಲ್ಲ.

ಅವರ ಭಯ ನಿರಾಧಾರವಲ್ಲ. ಮನೆ ಹಿಡಿಯುವಾಗ ಮೂರು ತಿಂಗಳ ಮೂಲ ಬಾಡಿಗೆಯವರೆಗೂ ಠೇವಣಿ ಕೇಳಲು ಕಾನೂನು ಅವಕಾಶ ಕೊಡುತ್ತದೆ. ನಮ್ಮ ಉಳಿತಾಯದ ಬಹುಪಾಲು ಅಲ್ಲಿಯೇ ಕುಳಿತಿದೆ. ವಾಸವಿರುವಷ್ಟು ಕಾಲ ಗೋಡೆಗೆ ಬೇಕಾದ ಬಣ್ಣ ಬಳಿಯಬಹುದು. ತೊಡಕಿರುವುದು ಮನೆ ಬಿಡುವಾಗ. ಬಿಳಿಯಾಗಿ ಪಡೆದ ಗೋಡೆಗಳಿಗೆ ಕೆಂಪು, ಹಳದಿ, ನೀಲಿ ಬಳಿದು ಹಾಗೆಯೇ ಬಿಟ್ಟುಹೋದ ಬಾಡಿಗೆದಾರರು ನಷ್ಟ ತುಂಬಿಕೊಡಬೇಕೆಂದು 2013ರಲ್ಲಿ ಇಲ್ಲಿನ ಸಂಯುಕ್ತ ನ್ಯಾಯಾಲಯ ತೀರ್ಪಿತ್ತಿದೆ. ಗಾಢ ಕೆಂಪನ್ನು ಮತ್ತೆ ಬಿಳಿಯಾಗಿಸಲು ಎಷ್ಟು ಬಾರಿ ಬಳಿಯಬೇಕೆಂಬುದು ಸುಣ್ಣ ಹೊಡೆದವರಿಗೆ ತಿಳಿದೇ ಇದೆ. ಅದರ ಮೇಲೆ, ಇಲ್ಲಿನ ಗೋಡೆಗಳಿಗೆ ಮರದ ಚೂರುಗಳನ್ನು ಒಳಗೊಂಡ ತರಿತರಿಯಾದ ಕಾಗದ ಅಂಟಿಸಿರುತ್ತಾರೆ. ಔಷಧ ವ್ಯಾಪಾರಿ ಹೂಗೊ ಎರ್‌ಫುರ್ಟ್ 1864ರಲ್ಲಿ ರೂಪಿಸಿದ ಈ ಕಾಗದದ ಮೇಲೆ ಅಂಟುವ ಕೊಕ್ಕೆಗಳೂ ಸರಿಯಾಗಿ ನಿಲ್ಲವು.

ಆದ್ದರಿಂದ ಗೋಡೆಯನ್ನು ಮುಟ್ಟದೆ ಹಲಗೆಗೆ ಬಣ್ಣ ಹಚ್ಚುವುದೆಂದು ನಿಶ್ಚಯಿಸಿದೆ. ನನ್ನ ಹುಟ್ಟೂರು ಸಾಗರ. ಅಲ್ಲಿನ ದೀವರ ಮನೆಗಳಲ್ಲಿ ಮದುವೆಗೆ ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಿಂದ ಹಸೆ ಚಿತ್ತಾರ ಬರೆಯುತ್ತಾರೆ. ಕಪ್ಪಿಗೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕುಂಚಕ್ಕೆ ಪುಂಡಿನಾರು. ಮನೆಸಾಮಗ್ರಿಯ ದೊಡ್ಡ ಅಂಗಡಿಯಲ್ಲಿ ಅಳತೆ ಹೇಳಿದರೆ ಪ್ಲೈವುಡ್ ಕತ್ತರಿಸಿ ಕೊಡುತ್ತಾರೆ. 120 ಸೆಂ.ಮೀ. ಉದ್ದ, 80 ಸೆಂ.ಮೀ. ಅಗಲದ ಹಲಗೆ, ಇಟ್ಟಿಗೆಗೆಂಪು ಬಣ್ಣದ ಚಿಕ್ಕ ಡಬ್ಬಿ, ಬಿಳಿ ಬಣ್ಣ, ತೋಟಕ್ಕೆ ಮಾರುವ ಸೆಣಬಿನ ಹುರಿ: ಒಟ್ಟು 38 ಯೂರೊ. ಹುರಿಯ ಎಳೆ ಬಿಡಿಸಿ ಕಡ್ಡಿಗೆ ಕಟ್ಟಿದ ಕುಂಚ ಮೊದಲ ದಿನ ಬಣ್ಣ ಕಾರಿತು. ತುದಿಯನ್ನು ಜಜ್ಜಿ ನೆನೆಸಿದ ಮೇಲೆ ಹಿಡಿತಕ್ಕೆ ಬಂತು. ಗೆರೆಗಳನ್ನು ಎಳೆಯುತ್ತ ಕುಳಿತ ಆ ಮೂರು ವಾರ ನಾನು ಗಡಿಯಾರ ನೋಡಿದ್ದು ಕಡಿಮೆ.

ಹಲಗೆಯನ್ನು ಸೋಫಾದ ಹಿಂದೆ ಒರಗಿಸಿದ್ದೇನೆ. ಒಂದು ಮೊಳೆಯೂ ಬೇಕಾಗಲಿಲ್ಲ. ಎದುರಿನ ಗೋಡೆಗೆ, ಸಂತೆಯಲ್ಲಿ 2 ಯೂರೊಗೆ ಸಿಕ್ಕ ಪರದೆಯ ಕೋಲಿನಲ್ಲಿ, ಅಮ್ಮನ ಸವೆದ ಇಳಕಲ್ ಸೀರೆಯ ಕೆಂಪು ಸೆರಗು. ನೇರ ಬಿಸಿಲು ಬೀಳದ ಗೋಡೆಯನ್ನೇ ಆರಿಸಿಕೊಳ್ಳಬೇಕು, ಬಣ್ಣ ಮಾಸುತ್ತದೆ. ಮನೆಗಳ ಮುಂದೆ "ಉಚಿತವಾಗಿ ಒಯ್ಯಿರಿ" ಎಂಬ ಚೀಟಿಯೊಡನೆ ಇಡುವ ಸಾಮಾನುಗಳಲ್ಲಿ ಸಿಕ್ಕ ಎರಡು ಕುರ್ಚಿಗಳಿಗೆ ಅರಿಸಿನದ ಹಳದಿ ಹೊಡೆದೆವು. ಪತಿ ಖರ್ಚಿನ ಲೆಕ್ಕ ಕೇಳುವುದನ್ನು ಬಿಟ್ಟು ಮರಳುಕಾಗದ ಹಿಡಿದರು.

ಇಲ್ಲಿಗೆ ಬರುವ ಸಿದ್ಧತೆಯಲ್ಲಿರುವವರು ಪೆಟ್ಟಿಗೆಯಲ್ಲಿ ಗಾಜಿನ ಚೌಕಟ್ಟುಗಳಿಗೆ ಬದಲು ಹಳೆಯ ಸೀರೆಯೊಂದನ್ನು ಮಡಚಿಟ್ಟುಕೊಳ್ಳಲಿ. ಬೀಗದಕೈ ಪಡೆದ ದಿನವೇ ಪ್ರತಿ ಗೋಡೆಯ ಚಿತ್ರ ತೆಗೆದು, ಬಣ್ಣ, ಕಲೆ, ರಂಧ್ರಗಳ ವಿವರವನ್ನು ಹಸ್ತಾಂತರದ ಪತ್ರದಲ್ಲಿ ಬರೆಸಿಕೊಳ್ಳಲಿ.

ನಮ್ಮ ಎರಡನೆಯ ಹಲಗೆ ಈಗ ಅಡುಗೆಮನೆಯ ಮೇಜಿನ ಮೇಲಿದೆ. ಅಂಚಿಗೆ ಬಿಳಿ ಸಾಕೆಂದು ನಾನು, ನೀಲಿಯೇ ಬೇಕೆಂದು ಮಗಳು.