ಹಳೆಯ ಹೆಸರು ಹಿಡಿದು ಹುಡುಕಿ



ರಾಯದುರ್ಗದ ಕಡೆಯ ಹುಡುಗಿಯೊಬ್ಬಳು ಎಂ.ಎ. ಓದುತ್ತಿದ್ದಾಳೆ ಎನ್ನಿ. ತನ್ನ ಊರಿನ ಇತಿಹಾಸದ ಮೇಲೆ ಪ್ರಬಂಧ ಬರೆಯಬೇಕು. ಗ್ರಂಥಾಲಯಕ್ಕೆ ಹೋಗಿ ಬ್ರಿಟಿಷರ ಕಾಲದ ಅನಂತಪುರ ಗೆಜೆಟಿಯರ್ ತೆಗೆಸಿ ನೋಡುತ್ತಾಳೆ. ಅದರಲ್ಲಿ ರಾಯದುರ್ಗ ತಾಲೂಕೇ ಇಲ್ಲ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ತಿರುವುತ್ತಾಳೆ. ಊರಿನ ಶಾಸನ ಅಲ್ಲಿಯೂ ಇಲ್ಲ. ನಮ್ಮ ಸೀಮೆಯ ಬಗ್ಗೆ ಯಾರೂ ಬರೆದೇ ಇಲ್ಲವೆಂದು ಬರಿಗೈಯಲ್ಲಿ ಮನೆಗೆ ಬರುತ್ತಾಳೆ.

ಬರೆದಿದ್ದಾರೆ. ಆದರೆ ಅದು ಇರುವುದು ಹಳೆಯ ವಿಳಾಸದಲ್ಲಿ.

ರಾಯದುರ್ಗ, ಆದವಾನಿ, ಆಲೂರು ತಾಲೂಕುಗಳು 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಆದ್ದರಿಂದ ನೋಡಬೇಕಾದದ್ದು ಡಬ್ಲ್ಯು. ಫ್ರಾನ್ಸಿಸ್ ಬರೆದ 1904ರ ಬಳ್ಳಾರಿ ಗೆಜೆಟಿಯರ್. ರೈಸ್ ಅವರ ಸಂಪುಟಗಳು ಅಂದಿನ ಮೈಸೂರು ಸಂಸ್ಥಾನಕ್ಕೂ ಕೊಡಗಿಗೂ ಸೇರಿದವು. ಮದ್ರಾಸ್ ಪ್ರಾಂತದ ಕನ್ನಡ ಶಾಸನಗಳು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ 9ನೆಯ ಸಂಪುಟದಲ್ಲಿ ಅಚ್ಚಾಗಿವೆ.

ಕಾಸರಗೋಡಿನವರು 1956ಕ್ಕೆ ಹಿಂದಿನದನ್ನು ದಕ್ಷಿಣ ಕನ್ನಡ ಜಿಲ್ಲೆಯ ಹೆಸರಿನಲ್ಲಿ ಹುಡುಕಬೇಕು. ಸ್ಟರಕ್ ಅವರ ಕೈಪಿಡಿ 1894ರದು. ವಯನಾಡಿನವರು ಮಲಬಾರ್ ಎಂದು ನೋಡಬೇಕು. ಲೋಗನ್ ಅವರ ‘ಮಲಬಾರ್ ಮ್ಯಾನ್ಯುಯಲ್’ 1887ರದು. ಅಕ್ಕಲಕೋಟೆ, ಜತ್ತಗಳು 1948ರವರೆಗೆ ಪ್ರತ್ಯೇಕ ಸಂಸ್ಥಾನಗಳು.

ಹಾಗಾದರೆ ಗ್ರಂಥಾಲಯಕ್ಕೆ ಹೋಗುವ ಮುನ್ನ ಮಾಡಬೇಕಾದ್ದೇನು? ಒಂದು ಹಾಳೆಯಲ್ಲಿ ನಿಮ್ಮ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ. ಅದರ ಕೆಳಗೆ ಊರು, ತಾಲೂಕು, ಜಿಲ್ಲೆಗಳ ಹಳೆಯ ಹೆಸರುಗಳನ್ನೂ ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ಬಗೆಯನ್ನೂ ಪಟ್ಟಿ ಮಾಡಿ. ಸೊಲ್ಲಾಪುರ ಹಳೆಯ ಪುಸ್ತಕಗಳಲ್ಲಿ ‘ಶೋಲಾಪುರ’ ಆಗಿರುತ್ತದೆ. ಆ ಹಾಳೆಯನ್ನು ಗ್ರಂಥಪಾಲಕರ ಮುಂದಿಡಿ. ಕೇಳಲು ಸಂಕೋಚ ಬೇಡ.

ಸೂಚಿಯಲ್ಲಿ ಪುಸ್ತಕದ ಹೆಸರು ಸಿಕ್ಕರೆ ಅದರ ವರ್ಗ ಸಂಖ್ಯೆ ಬರೆದುಕೊಳ್ಳಿ. ಡ್ಯೂಯಿ ಪದ್ಧತಿಯಲ್ಲಿ ಭಾರತದ ಇತಿಹಾಸಕ್ಕೆ 954. ಕಪಾಟಿನ ಬಳಿ ಹೋದಾಗ ಅಕ್ಕಪಕ್ಕದ ಪುಸ್ತಕಗಳನ್ನೂ ನೋಡಿ. ಒಂದೇ ವಿಷಯದವು ಒಟ್ಟಿಗೆ ಇರುತ್ತವೆ. ಪುಸ್ತಕ ಕೈಗೆ ಬಂದೊಡನೆ ಕೊನೆಯ ಪದಸೂಚಿ ತೆರೆಯಿರಿ. ಟಿಪ್ಪಣಿಗೆ ಮೊದಲು ಲೇಖಕ, ಪುಸ್ತಕ, ವರ್ಷ, ಪುಟಸಂಖ್ಯೆ ಗುರುತು ಹಾಕಿಕೊಳ್ಳಿ. ಇಲ್ಲವಾದರೆ ಒಂದು ಸಾಲಿಗಾಗಿ ಮತ್ತೊಮ್ಮೆ ಬಸ್ಸು ಹತ್ತಬೇಕಾದೀತು.

ಹತ್ತಿರ ಪುಸ್ತಕ ಸಿಗದಿದ್ದರೆ ಚೆನ್ನೈನ ಕನ್ನಿಮೆರಾ ಗ್ರಂಥಾಲಯದಂಥ ದೊಡ್ಡ ಭಂಡಾರಗಳಿವೆ. ಹಳೆಯ ಗೆಜೆಟಿಯರುಗಳಲ್ಲಿ ಹಲವು ಈಗ ಇಂಟರ್‌ನೆಟ್ಟಿನಲ್ಲಿ ಹಣವಿಲ್ಲದೆ ಓದಲು ಸಿಗುತ್ತವೆ.

ಇನ್ನೊಂದು ಮಾತು. ಗೆಜೆಟಿಯರ್ ಸರ್ಕಾರದ ಅಧಿಕಾರಿ ಬರೆದದ್ದು. ಅವನು ಕಂಡದ್ದು ಕಚೇರಿಯ ಕಣ್ಣಿನಿಂದ. ಅದರ ಮಾತನ್ನು ಶಾಸನದೊಂದಿಗೆ, ಕನ್ನಡದ ಬರಹದೊಂದಿಗೆ, ನಿಮ್ಮ ರಾಜ್ಯಭಾಷೆಯ ಬರಹದೊಂದಿಗೆ ಹೋಲಿಸಿ ನೋಡಿ. ಗಡಿಯಲ್ಲಿ ಬೆಳೆದ ನೀವು ಎರಡು ಭಾಷೆ ಬಲ್ಲವರು. ಒಂದೇ ಭಾಷೆ ಬಲ್ಲವನಿಗೆ ಅರ್ಧ ಕಪಾಟು ಮುಚ್ಚಿರುತ್ತದೆ. ನಿಮಗೆ ಎರಡೂ ಬಾಗಿಲು ತೆರೆದಿವೆ.