ತೆರೆದ ಬಾಗಿಲು

ವಿದ್ಯೆಯ ಬಾಗಿಲು ಎಲ್ಲರಿಗೂ ತೆರೆದಿರಬೇಕೆಂಬುದು ಇಂದು ಸರ್ವಸಮ್ಮತವಾದ ಮಾತು. ಆದರೆ ಬಾಗಿಲನ್ನು ತೆರೆದಿಟ್ಟ ಮಾತ್ರಕ್ಕೆ ಎಲ್ಲರೂ ಒಳಗೆ ಬರಬಲ್ಲರೆಂದು ಹೇಳುವಂತಿಲ್ಲ. ಹತ್ತು ಮೆಟ್ಟಿಲುಗಳ ಮೇಲಿರುವ ಬಾಗಿಲು ಎಷ್ಟೇ ವಿಶಾಲವಾಗಿ ತೆರೆದಿದ್ದರೂ ಗಾಲಿಕುರ್ಚಿಯಲ್ಲಿ ಕುಳಿತವನ ಪಾಲಿಗೆ ಅದು ಮುಚ್ಚಿದ ಬಾಗಿಲೇ ಸರಿ. ಗ್ರಂಥಾಲಯದ ತುಂಬ ಪುಸ್ತಕಗಳಿದ್ದರೂ ಅವನ್ನು ಬ್ರೈಲ್ ಲಿಪಿಯಲ್ಲಿಯೋ ಧ್ವನಿಯ ರೂಪದಲ್ಲಿಯೋ ಒದಗಿಸದಿದ್ದರೆ ಕಣ್ಣು ಕಾಣದ ವಿದ್ಯಾರ್ಥಿನಿಗೆ ಅವು ಇದ್ದೂ ಇಲ್ಲದಂತೆ. ಇಂಥವರ ಕಲಿಕೆಗೆ ಅಡ್ಡಿಯಾಗಿರುವುದು ಅವರ ದೇಹವೋ, ನಾವು ಕಟ್ಟಿಕೊಂಡಿರುವ ವ್ಯವಸ್ಥೆಯೋ? ಈ ಪ್ರಶ್ನೆಗೆ ಉತ್ತರವನ್ನು ಅಮೆರಿಕದ ಒಬ್ಬ ವಿದ್ಯಾರ್ಥಿಯ ಬಾಳಿನಲ್ಲಿ ಕಾಣಬಹುದು.

ಆತನ ಹೆಸರು ಎಡ್ ರಾಬರ್ಟ್ಸ್. 1939ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಜನಿಸಿದ ಈತ 1953ರಲ್ಲಿ, ತನ್ನ ಹದಿನಾಲ್ಕನೆಯ ವಯಸ್ಸಿನಲ್ಲಿ, ಪೋಲಿಯೊ ರೋಗಕ್ಕೆ ತುತ್ತಾದನು. ಆ ರೋಗವನ್ನು ತಡೆಯುವ ಲಸಿಕೆ ಜನರ ಬಳಕೆಗೆ ಬಂದದ್ದು 1955ರಲ್ಲಿ. ಕೇವಲ ಎರಡು ವರ್ಷಗಳ ಅಂತರದಲ್ಲಿ ಅದು ಆತನ ಕೈತಪ್ಪಿತು. ಎರಡು ಬೆರಳುಗಳನ್ನೂ ಕೆಲವು ಕಾಲ್ಬೆರಳುಗಳನ್ನೂ ಬಿಟ್ಟರೆ ಕುತ್ತಿಗೆಯಿಂದ ಕೆಳಗಿನ ಶರೀರವೆಲ್ಲ ಚಲನೆಯನ್ನು ಕಳೆದುಕೊಂಡಿತು. ಉಸಿರಾಡಲು 'ಉಕ್ಕಿನ ಶ್ವಾಸಕೋಶ' ಎಂಬ ಯಂತ್ರದ ನೆರವು ಬೇಕಾಯಿತು. ರೋಗಿಯ ತಲೆಯನ್ನು ಮಾತ್ರ ಹೊರಗೆ ಬಿಟ್ಟು, ಉಳಿದ ದೇಹವನ್ನು ಒಳಗಿರಿಸಿಕೊಂಡು, ಗಾಳಿಯ ಒತ್ತಡವನ್ನು ಏರಿಳಿಸಿ ಎದೆಯನ್ನು ಹಿಗ್ಗಿಸಿ ಕುಗ್ಗಿಸುವ ದೊಡ್ಡ ಕೊಳವೆ ಅದು. ರಾತ್ರಿಯೆಲ್ಲ ಅದರೊಳಗೆ ಮಲಗಿ, ಹಗಲಿನಲ್ಲಿ ಗಾಳಿಯನ್ನು ಗುಟುಕು ಗುಟುಕಾಗಿ ನುಂಗಿ ಉಸಿರಾಡುವುದನ್ನು ಆತ ರೂಢಿಸಿಕೊಂಡನು.

ದೇಹ ಸೋತರೂ ಕಲಿಯಬೇಕೆಂಬ ಹಂಬಲ ಸೋಲಲಿಲ್ಲ. ರಾಬರ್ಟ್ಸ್ ಮನೆಯಲ್ಲಿಯೇ ಇದ್ದು ದೂರವಾಣಿಯ ಮೂಲಕ ಪ್ರೌಢಶಾಲೆಯ ಪಾಠಗಳನ್ನು ಕೇಳಿದನು. ಓದು ಮುಗಿದಾಗ ವಿಚಿತ್ರವಾದ ಒಂದು ತೊಡಕು ಎದುರಾಯಿತು. ವ್ಯಾಯಾಮ ಶಿಕ್ಷಣವನ್ನೂ ವಾಹನ ನಡೆಸುವ ಶಿಕ್ಷಣವನ್ನೂ ಆತ ಪೂರೈಸಿಲ್ಲವಾದ್ದರಿಂದ ಪ್ರಮಾಣಪತ್ರ ಕೊಡಲಾಗದೆಂದು ಶಾಲೆಯವರು ಹೇಳಿದರು! ತಾಯಿ ಜೋನಾ ಮಗನ ಪರವಾಗಿ ಶಿಕ್ಷಣ ಮಂಡಲಿಯವರೆಗೂ ಹೋಗಿ ಹೋರಾಡಿದರು, ಪ್ರಮಾಣಪತ್ರ ದೊರೆಯಿತು. ನಿಯಮವನ್ನು ಎಲ್ಲರಿಗೂ ಒಂದೇ ರೀತಿಯಲ್ಲಿ ಅನ್ವಯಿಸುವುದೇ ನ್ಯಾಯವಲ್ಲವೆಂಬುದನ್ನು ಆ ತಾಯಿ ಚೆನ್ನಾಗಿ ಅರಿತಿದ್ದರು.

ಉನ್ನತ ಶಿಕ್ಷಣಕ್ಕೆ ಹೊರಟಾಗ ಇನ್ನೂ ದೊಡ್ಡ ಅಡ್ಡಿಗಳು ಬಂದವು. ವಿಕಲಚೇತನರಿಗೆ ಧನಸಹಾಯ ನೀಡಬೇಕಾದ ರಾಜ್ಯದ ಪುನರ್ವಸತಿ ಇಲಾಖೆ, ಈತ ಎಂದಿಗೂ ದುಡಿಯಲಾರನೆಂದು ತೀರ್ಮಾನಿಸಿ ಮೊದಲು ನೆರವನ್ನು ನಿರಾಕರಿಸಿತು. ಬರ್ಕ್ಲಿ ನಗರದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿಯೂ ಅಧಿಕಾರಿಗಳು ಹಿಂದೆಮುಂದೆ ನೋಡಿದರು. ಸುಮಾರು 360 ಕಿಲೊಗ್ರಾಂ ತೂಕದ ಉಸಿರಾಟದ ಯಂತ್ರವನ್ನು ಹೊರಬಲ್ಲ ಕೊಠಡಿ ಅಲ್ಲಿನ ಯಾವ ವಿದ್ಯಾರ್ಥಿನಿಲಯದಲ್ಲಿಯೂ ಇರಲಿಲ್ಲ. ಕೊನೆಗೆ ವಿಶ್ವವಿದ್ಯಾಲಯದ ಆಸ್ಪತ್ರೆಯ ಒಂದು ಭಾಗವೇ ಆತನ ವಾಸದ ಕೊಠಡಿಯಾಯಿತು. 1962ರಲ್ಲಿ ರಾಬರ್ಟ್ಸ್ ಅಲ್ಲಿ ತರಗತಿಗಳಿಗೆ ಸೇರಿದನು. 1964ರಲ್ಲಿ ರಾಜ್ಯಶಾಸ್ತ್ರದಲ್ಲಿ ಪದವಿಯನ್ನೂ, 1966ರಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದನು.

ಒಬ್ಬನಿಗಾಗಿ ತೆರೆದ ದಾರಿಯಲ್ಲಿ ಇತರರೂ ನಡೆದು ಬಂದರು. ತೀವ್ರ ಅಂಗವೈಕಲ್ಯವುಳ್ಳ ಹಲವು ವಿದ್ಯಾರ್ಥಿಗಳು ಅದೇ ಆಸ್ಪತ್ರೆಯಲ್ಲಿ ನೆಲೆಸಿ ಓದತೊಡಗಿದರು. ಆದರೆ ತಾವು ವಿದ್ಯಾರ್ಥಿಗಳೇ ಹೊರತು ರೋಗಿಗಳಲ್ಲವೆಂಬ ಅರಿವು ಅವರಲ್ಲಿ ಬಲವಾಯಿತು. ತಮಗೆ ಏನು ಬೇಕೆಂಬುದನ್ನು ತಾವೇ ಹೇಳಬೇಕು, ತಮ್ಮ ಬದುಕಿನ ತೀರ್ಮಾನಗಳನ್ನು ತಾವೇ ಕೈಗೊಳ್ಳಬೇಕು ಎಂದು ಅವರು ನಿಶ್ಚಯಿಸಿದರು. ಇದರ ಫಲವಾಗಿ 1970ರಲ್ಲಿ ವಿಶ್ವವಿದ್ಯಾಲಯದಲ್ಲಿ ವಿಕಲಚೇತನ ವಿದ್ಯಾರ್ಥಿಗಳಿಗಾಗಿಯೇ ಒಂದು ಸೇವಾ ಕಾರ್ಯಕ್ರಮ ಆರಂಭವಾಯಿತು. ಆರೈಕೆಯ ಸಹಾಯಕರನ್ನು ಹುಡುಕಿಕೊಡುವುದು, ಕೆಟ್ಟುಹೋದ ಗಾಲಿಕುರ್ಚಿಗಳನ್ನು ದುರಸ್ತಿ ಮಾಡುವುದು, ಅಂಧರಿಗೆ ಪುಸ್ತಕ ಓದಿ ಹೇಳುವವರನ್ನು ಒದಗಿಸುವುದು, ಅನುಕೂಲವಾದ ಮನೆಗಳನ್ನು ಗೊತ್ತುಮಾಡುವುದು ಇವೆಲ್ಲ ಅದರ ಕೆಲಸಗಳಾಗಿದ್ದವು.

ಇವುಗಳ ಜೊತೆಗೆ ಆಪ್ತಸಲಹೆಯೂ ಇತ್ತು. ಆಪ್ತಸಲಹೆಯೆಂದರೆ ಉಪದೇಶವಲ್ಲ, ಮರುಕವೂ ಅಲ್ಲ. ವಿದ್ಯಾರ್ಥಿಯ ಮಾತನ್ನು ತಾಳ್ಮೆಯಿಂದ ಕೇಳಿ, ಆತನ ಕಷ್ಟವನ್ನು ಅರಿತು, ಮುಂದಿನ ಹೆಜ್ಜೆಯನ್ನು ಆತನೇ ಆರಿಸಿಕೊಳ್ಳುವಂತೆ ನೆರವಾಗುವುದೇ ಅದರ ಮರ್ಮ. ಬರ್ಕ್ಲಿಯಲ್ಲಿ ಸ್ವತಃ ವಿಕಲಚೇತನರಾದವರೇ ಸಲಹೆಗಾರರಾದುದು ಗಮನಾರ್ಹ. ಅದೇ ಕಷ್ಟದ ಹಾದಿಯನ್ನು ತುಳಿದವರ ಮಾತಿಗೆ ಬೇರೆಯೇ ಬೆಲೆಯಿರುತ್ತದೆಯಲ್ಲವೇ? ಮುಂದೆ 1975ರಲ್ಲಿ ರಾಬರ್ಟ್ಸ್ ಕ್ಯಾಲಿಫೋರ್ನಿಯಾದ ಪುನರ್ವಸತಿ ಇಲಾಖೆಯ ನಿರ್ದೇಶಕನಾಗಿ ನೇಮಕಗೊಂಡನು. ಆತ ದುಡಿಯಲಾರನೆಂದು ಹಿಂದೆ ಬರೆದಿಟ್ಟಿದ್ದ ಇಲಾಖೆಯೇ ಅದು!

ಈ ವಿಚಾರ ಅಮೆರಿಕಕ್ಕೆ ಮಾತ್ರ ಸೀಮಿತವಾಗಿ ಉಳಿಯಲಿಲ್ಲ. ವಿಕಲಚೇತನರ ಹಕ್ಕುಗಳನ್ನು ಕುರಿತ ಒಡಂಬಡಿಕೆಯನ್ನು ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿತು. ಮರುವರ್ಷವೇ ಭಾರತ ಅದನ್ನು ಒಪ್ಪಿಕೊಂಡಿತು. ನಮ್ಮ ದೇಶದ 1995ರ ಕಾನೂನು ಏಳು ಬಗೆಯ ನ್ಯೂನತೆಗಳನ್ನು ಮಾತ್ರ ಗುರುತಿಸಿತ್ತು. ಅದರ ಸ್ಥಾನದಲ್ಲಿ ಬಂದ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ 21 ಬಗೆಗಳನ್ನು ಹೆಸರಿಸಿತು. ಓದುಬರಹದಲ್ಲಿ ತೊಡಕುಂಟುಮಾಡುವ, ನೋಡಿದವರ ಕಣ್ಣಿಗೆ ಕಾಣದ ಕಲಿಕೆಯ ನ್ಯೂನತೆಯೂ ಅವುಗಳಲ್ಲೊಂದು. ಸರ್ಕಾರದ ಹಾಗೂ ಸರ್ಕಾರದ ಅನುದಾನ ಪಡೆಯುವ ಉನ್ನತ ಶಿಕ್ಷಣ ಸಂಸ್ಥೆಗಳು, ಶೇಕಡ 40 ಅಥವಾ ಅದಕ್ಕಿಂತ ಹೆಚ್ಚಿನ ನ್ಯೂನತೆಯುಳ್ಳವರಿಗೆ ಕನಿಷ್ಠ ಶೇಕಡ 5ರಷ್ಟು ಸ್ಥಾನಗಳನ್ನು ಮೀಸಲಿಡಬೇಕೆಂದು ಈ ಅಧಿನಿಯಮ ವಿಧಿಸುತ್ತದೆ.

ಸ್ಥಾನ ದೊರೆತ ಮೇಲೆ ಕಲಿಯುವುದಕ್ಕೂ ಅನುಕೂಲವಿರಬೇಕು. ಇದನ್ನೇ ಕಾನೂನು 'ಸಮಂಜಸ ಹೊಂದಾಣಿಕೆ' ಎಂದು ಕರೆಯುತ್ತದೆ. ಸಂಸ್ಥೆಯ ಮೇಲೆ ಮಿತಿಮೀರಿದ ಹೊರೆ ಬೀಳದಂತೆ, ವ್ಯಕ್ತಿಯ ಅಗತ್ಯಕ್ಕೆ ತಕ್ಕ ಮಾರ್ಪಾಡುಗಳನ್ನು ಮಾಡಿಕೊಡುವುದೆಂದು ಇದರ ಅರ್ಥ. ಮೆಟ್ಟಿಲುಗಳ ಪಕ್ಕದಲ್ಲಿ ಇಳಿಜಾರು ದಾರಿ, ಕಿವಿ ಕೇಳದವರಿಗೆ ಸಂಜ್ಞಾಭಾಷೆ, ಬರೆಯಲಾಗದವರಿಗೆ ಲಿಪಿಕಾರರ ನೆರವು, ಇಂಥವೆಲ್ಲ ಇದಕ್ಕೆ ಸೇರುತ್ತವೆ. ಪರೀಕ್ಷೆಯಲ್ಲಿ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷಗಳ ಹೆಚ್ಚಿನ ಕಾಲವನ್ನು ಕೊಡಬೇಕೆಂದು ಕೇಂದ್ರ ಸರ್ಕಾರ 2013ರಲ್ಲಿ ಮಾರ್ಗಸೂಚಿ ಹೊರಡಿಸಿತು. ಬರೆಯಲು ಹೊರಟರೆ ಕೈಯ ಸ್ನಾಯುಗಳು ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಯೊಬ್ಬನ ಮೊಕದ್ದಮೆಯಲ್ಲಿ, ಶೇಕಡ 40ರಷ್ಟು ನ್ಯೂನತೆಯಿಲ್ಲವೆಂಬ ಕಾರಣಕ್ಕೆ ಲಿಪಿಕಾರನನ್ನು ನಿರಾಕರಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ತೀರ್ಪಿತ್ತಿತು.

ಹೀಗೆ ಒಬ್ಬರಿಗೆ ಹೆಚ್ಚು ಕಾಲ ಕೊಟ್ಟರೆ ಉಳಿದವರಿಗೆ ಅನ್ಯಾಯವಾಗುವುದಿಲ್ಲವೇ ಎಂದು ಕೆಲವರು ಕೇಳುವುದುಂಟು. ಕನ್ನಡಕ ಧರಿಸಿ ಪರೀಕ್ಷೆ ಬರೆಯುವ ಸಹಪಾಠಿಯನ್ನು ನೋಡಿ ಯಾರೂ ಹಾಗೆ ಕೇಳುವುದಿಲ್ಲ. ಕನ್ನಡಕ ಉತ್ತರವನ್ನು ಹೇಳಿಕೊಡುವುದಿಲ್ಲ. ಪ್ರಶ್ನೆಯನ್ನು ಕಾಣುವಂತೆ ಮಾಡುತ್ತದೆ, ಅಷ್ಟೆ. ಲಿಪಿಕಾರನ ಕೆಲಸವೂ ಇಂಥದೇ. ಉತ್ತರ ವಿದ್ಯಾರ್ಥಿಯದು, ಕೈ ಮಾತ್ರ ಇನ್ನೊಬ್ಬರದು. ಆದುದರಿಂದ ಈ ಸೌಕರ್ಯಗಳು ದಾನವಲ್ಲ, ರಿಯಾಯಿತಿಯೂ ಅಲ್ಲ. ಎಲ್ಲರೂ ಒಂದೇ ಗೆರೆಯಿಂದ ಓಟ ಆರಂಭಿಸುವಂತೆ ಮಾಡುವ ನ್ಯಾಯದ ಏರ್ಪಾಡುಗಳು.

ಆದರೆ ಕಾನೂನು ಇಳಿಜಾರು ದಾರಿಯನ್ನು ಕಟ್ಟಿಸಬಲ್ಲುದೇ ಹೊರತು ಸ್ನೇಹವನ್ನು ಕಟ್ಟಿಸಲಾರದು. ತರಗತಿಯಲ್ಲಿ ವಿಕಲಚೇತನ ಸಹಪಾಠಿಯಿದ್ದಾಗ ಅಯ್ಯೋ ಪಾಪವೆನ್ನುವುದರಿಂದ ಅವರಿಗೆ ಯಾವ ಪ್ರಯೋಜನವೂ ಇಲ್ಲ. ಕೇಳದೆಯೇ ಗಾಲಿಕುರ್ಚಿಯನ್ನು ತಳ್ಳುವುದೂ ಸರಿಯಲ್ಲ. "ನಿನಗೆ ನನ್ನಿಂದ ಏನಾದರೂ ಆಗಬೇಕೇ?" ಎಂದು ಸಮಾನರಂತೆ ಕೇಳಿ, ದೊರೆತ ಉತ್ತರವನ್ನು ಗೌರವಿಸುವುದು ಉಚಿತವಾದ ನಡೆ. ಇಂದಿನ ವಿದ್ಯಾರ್ಥಿಗಳೇ ನಾಳೆಯ ಅಧ್ಯಾಪಕರು, ಎಂಜಿನಿಯರುಗಳು, ಅಧಿಕಾರಿಗಳು. ಕಟ್ಟಡದ ನಕ್ಷೆಯನ್ನು ಬರೆಯುವಾಗಲೂ, ಪರೀಕ್ಷೆಯ ನಿಯಮಗಳನ್ನು ರೂಪಿಸುವಾಗಲೂ ಯಾರು ಹೊರಗುಳಿದಾರೆಂದು ಅವರು ಒಮ್ಮೆ ಯೋಚಿಸಿದರೆ ಮುಂದಿನ ಪೀಳಿಗೆಯ ಅನೇಕರು ಹೋರಾಡದೆಯೇ ಒಳಗೆ ಬಂದಾರು.