ಓಟದ ಕಾರಿಗೆ ವಿದ್ಯುತ್ತಿನ ನೆರವು ಒಗ್ಗುವುದೆ?

ಸೌಕಾರ್‌ಪೇಟೆಯ ತಂಗಸಾಲೆ ಬೀದಿಯಲ್ಲಿ ಕೈಗಾಡಿ, ಸೈಕಲ್ ರಿಕ್ಷಾ, ಆಟೋಗಳ ನಡುವೆ ದಾರಿ ಬಿಡಿಸಿಕೊಂಡು ಹತ್ತು ಹೆಜ್ಜೆ ನಡೆಯುವುದೇ ಸಾಹಸವಾಗಿರುವಾಗ, ಗಂಟೆಗೆ ಮುನ್ನೂರು ಕಿಲೋಮೀಟರು ಓಡುವ ಕಾರಿನ ವಿಚಾರ ನಮಗೇಕೆ ಎಂದು ವಾಚಕರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ 2024ರ ಆಗಸ್ಟ್ 31 ಮತ್ತು ಸೆಪ್ಟೆಂಬರ್ 1ರಂದು ನಮ್ಮ ಪೇಟೆಗೆ ಅನತಿದೂರದಲ್ಲಿ, ಕೋಟೆಯಾಚೆಯ ಐಲೆಂಡ್ ಮೈದಾನದ ಸುತ್ತಿನ ಬೀದಿಗಳಲ್ಲಿಯೇ ಫಾರ್ಮುಲಾ 4 ಕಾರುಗಳ ರಾತ್ರಿ ಪಂದ್ಯ ನಡೆದುದನ್ನು ಅವರು ಮರೆತಿರಲಾರರು. ಅಲ್ಲದೆ, 1962ರಿಂದ 2008ರವರೆಗೆ ಕೆಥೀಡ್ರಲ್ ರಸ್ತೆಯಲ್ಲಿ ನಡೆದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲಿನಲ್ಲಿ, ಕಾರಿನಲ್ಲಿ ಕುಳಿತವರಿಗೆ ತಿಂಡಿ ಕಾಫಿ ಒಯ್ದು ಕೊಟ್ಟು ಬಾಳಿದವರೂ ನಮ್ಮವರೇ. ಕಾರು ಕೊಂಡವರು ನಮ್ಮಲ್ಲಿ ಕಡಿಮೆಯಾದರೂ ಕಾರಿನ ಪಕ್ಕದಲ್ಲಿ ನಿಂತು ದುಡಿದವರು ಕಡಿಮೆಯಲ್ಲ. ಆದುದರಿಂದ ಈ ವಿಚಾರದಲ್ಲಿ ಅಭಿಪ್ರಾಯ ಹೇಳುವ ಅಧಿಕಾರ ನಮಗೂ ಉಂಟು.

ಹೈಬ್ರಿಡ್ ಎಂದರೇನು?

ಒಂದೇ ವಾಹನದಲ್ಲಿ ಪೆಟ್ರೋಲ್ ಇಂಜಿನನ್ನೂ ವಿದ್ಯುತ್ ಮೋಟಾರನ್ನೂ ಕೂಡಿಸುವುದಕ್ಕೆ ಹೈಬ್ರಿಡ್ ಎಂದು ಹೆಸರು. ಸಾಧಾರಣ ಕಾರು ಬ್ರೇಕ್ ಹಾಕಿದಾಗ ಅದರ ಓಟದ ಶಕ್ತಿಯೆಲ್ಲ ಬಿಸಿಯಾಗಿ ಗಾಳಿಯ ಪಾಲಾಗುತ್ತದೆ. ಹೈಬ್ರಿಡ್ ಕಾರಿನಲ್ಲಿ ಆ ಕ್ಷಣದಲ್ಲಿ ಮೋಟಾರೇ ಡೈನಮೋ ಆಗಿ ತಿರುಗಿ, ವ್ಯರ್ಥವಾಗತಕ್ಕ ಶಕ್ತಿಯನ್ನು ಬ್ಯಾಟರಿಗೆ ತುಂಬುತ್ತದೆ. ಕಾರು ಮತ್ತೆ ಹೊರಡುವಾಗ ಅದೇ ಶಕ್ತಿ ಉಪಯೋಗಕ್ಕೆ ಬರುತ್ತದೆ. ಮೋಟಾರಿಗೆ ಇನ್ನೊಂದು ಗುಣವುಂಟು: ಇಂಜಿನು ವೇಗವಾಗಿ ತಿರುಗಿದ ಮೇಲೆ ಪೂರ್ಣ ಬಲ ತೋರಿದರೆ, ಮೋಟಾರು ನಿಂತಲ್ಲಿಂದಲೇ ಪೂರ್ಣ ಬಲದಿಂದ ಎಳೆಯುತ್ತದೆ.

ಇದು ಹೊಸ ಕಲ್ಪನೆಯೇನೂ ಅಲ್ಲ. ಫರ್ಡಿನಾಂಡ್ ಪೋರ್ಷೆ ಎಂಬ ತರುಣ ಇಂಜಿನಿಯರನು 1900ರ ಸುಮಾರಿಗೇ ಪೆಟ್ರೋಲ್ ಇಂಜಿನಿನಿಂದ ವಿದ್ಯುತ್ತು ಹುಟ್ಟಿಸಿ, ಗಾಲಿಯೊಳಗಿನ ಮೋಟಾರುಗಳಿಂದ ಓಡುವ ಗಾಡಿಯನ್ನು ನಿರ್ಮಿಸಿದ್ದನು. 1997ರಲ್ಲಿ ಟೊಯೊಟಾ ಕಂಪೆನಿಯ ಪ್ರಿಯಸ್ ಬಂದ ಮೇಲೆ ಹೈಬ್ರಿಡ್ ಸಂಸಾರಿಗಳ ಕಾರಾಯಿತು. ನಮ್ಮ ಬಿಡದಿಯ ಕಾರ್ಖಾನೆಯಲ್ಲಿ 2013ರಿಂದ ಕ್ಯಾಮ್ರಿ ಹೈಬ್ರಿಡ್ ಜೋಡಣೆಯಾಯಿತು. 2022ರ ನವೆಂಬರಿನಲ್ಲಿ ಇನ್ನೋವಾ ಹೈಕ್ರಾಸ್ ಪ್ರಕಟವಾಯಿತು. ಈ ಕಾರುಗಳ ಗುರಿ ಮಿತವ್ಯಯ. ನಿಂತು ನಿಂತು ಸಾಗುವ ಪೇಟೆಯ ದಾರಿಯಲ್ಲಿ ಅವು ಪೆಟ್ರೋಲ್ ಉಳಿಸುತ್ತವೆ ಎಂಬುದರಲ್ಲಿ ವಿವಾದವಿಲ್ಲ.

ಸ್ಪೋರ್ಟ್ಸ್ ಕಾರಿನ ಧರ್ಮವೇ ಬೇರೆ. ಪೆಟ್ರೋಲ್ ಉಳಿಸಬೇಕೆಂದು ಅದನ್ನು ಯಾರೂ ಕೊಳ್ಳುವುದಿಲ್ಲ. ಅದು ಹಗುರವಾಗಿರಬೇಕು, ಚಾಲಕನ ಕೈಕಾಲಿನ ಸನ್ನೆಗೆ ಒಡನೆಯೇ ಉತ್ತರ ಕೊಡಬೇಕು, ಇಂಜಿನಿನ ದನಿ ಕಿವಿಗೆ ಹಿತವಾಗಬೇಕು. 1953ರಲ್ಲಿ ಸ್ಥಾಪಿತವಾದ ಮದರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು, ರೆಡ್ ಹಿಲ್ಸ್ ಆಚೆಯ ಶೋಲಾವರಂನಲ್ಲಿ, ಯುದ್ಧಕಾಲದ ವಿಮಾನದ ಓಡುದಾರಿಯ ಮೇಲೆ ಪಂದ್ಯಗಳನ್ನು ನಡೆಸುತ್ತಿದ್ದ ಕಾಲದಲ್ಲಿ, ಮನೆಮಂದಿ ಕೂರುವ ಫಿಯೆಟ್, ಹೆರಾಲ್ಡ್ ಕಾರುಗಳನ್ನೇ ತಿದ್ದಿ ಓಡಿಸುತ್ತಿದ್ದರು. ಮೊದಲ ಕೆಲಸ ಬೇಡದ ಭಾರ ಕಿತ್ತೊಗೆಯುವುದು. 1990ರಲ್ಲಿ ಇರುಂಗಾಟ್ಟುಕೋಟ್ಟೈಯಲ್ಲಿ ಸ್ವಂತ ಪಥ ಸಿದ್ಧವಾದ ಮೇಲೂ ಆ ಪಾಠ ಬದಲಾಗಲಿಲ್ಲ. ಹೈಬ್ರಿಡ್ ಎಂದರೆ ಬ್ಯಾಟರಿ, ಮೋಟಾರು, ದಪ್ಪ ತಂತಿಗಳು, ಎಂದರೆ ಭಾರ. ವಿರೋಧ ಹುಟ್ಟುವುದು ಇಲ್ಲಿಯೇ.

ಪಂದ್ಯದ ಕಣದಲ್ಲಿ

ಆದರೆ ವಿರೋಧವನ್ನು ಮೊದಲು ಅಲುಗಿಸಿದುದು ಪಂದ್ಯದ ಕಣವೇ. ಫಾರ್ಮುಲಾ 1ರಲ್ಲಿ 2009ರಲ್ಲಿ ಬ್ರೇಕಿನ ಶಕ್ತಿಯನ್ನು ಹಿಡಿದಿಡುವ ಯಂತ್ರಕ್ಕೆ ಅನುಮತಿ ದೊರೆಯಿತು, 2014ರಿಂದ 1.6 ಲೀಟರಿನ ಹೈಬ್ರಿಡ್ ಇಂಜಿನು ನಿಯಮವೇ ಆಯಿತು. ದನಿ ಸತ್ತಿತೆಂದು ಪ್ರೇಕ್ಷಕರು ದೂರಿದರು. ಫ್ರಾನ್ಸಿನ ಲೆ ಮಾನ್ಸ್ ಪಟ್ಟಣದಲ್ಲಿ ಇಪ್ಪತ್ತನಾಲ್ಕು ಗಂಟೆ ಎಡೆಬಿಡದೆ ನಡೆಯುವ ಪಂದ್ಯವನ್ನು 2012ರಲ್ಲಿ ಆಡಿ ಕಂಪೆನಿಯ ಕಾರು ಗೆದ್ದಿತು. ಆ ಪಂದ್ಯವನ್ನು ಗೆದ್ದ ಮೊದಲ ಹೈಬ್ರಿಡ್ ಅದೇ. ಅದೇ ಪಂದ್ಯದಲ್ಲಿ ನಮ್ಮ ಚೆನ್ನೈಯ ಕರುಣ್ ಚಾಂಧೋಕ್ ಅವರಿದ್ದ ತಂಡವು ಬರೇ ಪೆಟ್ರೋಲ್ ಕಾರಿನಲ್ಲಿ ಓಡಿ ಒಟ್ಟಾರೆ ಆರನೆಯ ಸ್ಥಾನ ಪಡೆಯಿತು. ಮುಂದೆ 2018ರಿಂದ 2022ರವರೆಗೆ ಐದು ವರ್ಷ ಸತತವಾಗಿ ಗೆದ್ದುದು ಟೊಯೊಟಾದ ಹೈಬ್ರಿಡ್. ಪಂದ್ಯಕ್ಕೆ ಹೈಬ್ರಿಡ್ ಒಗ್ಗುವುದೆಂಬುದು ಅಲ್ಲಿಗೆ ತೀರ್ಮಾನವಾಯಿತು. ಆದರೆ ಪಂದ್ಯ ಗೆಲ್ಲುವ ಯಂತ್ರ ಬೇರೆ, ಒಬ್ಬನು ಪ್ರೀತಿಯಿಂದ ಇಟ್ಟುಕೊಳ್ಳುವ ಕಾರು ಬೇರೆ.

ಎರಡು ಕಾರುಗಳ ಕಥೆ

ಸಂಪ್ರದಾಯದ ಸ್ಪೋರ್ಟ್ಸ್ ಕಾರೆಂದರೆ ಮೊದಲು ನೆನಪಾಗುವುದು ಜರ್ಮನಿಯ ಪೋರ್ಷೆ 911. 1963ರಲ್ಲಿ ಮೊದಲು ಪ್ರದರ್ಶಿತವಾದ ಈ ಕಾರಿನಲ್ಲಿ ಹಿಂಭಾಗದಲ್ಲಿ ಆರು ಸಿಲಿಂಡರಿನ ಮಲಗಿಸಿದ ಇಂಜಿನು. ಇಂದಿಗೂ ಅದೇ ಕ್ರಮ. 1997ರಲ್ಲಿ ಗಾಳಿಯ ಬದಲು ನೀರಿನಿಂದ ತಂಪುಗೊಳಿಸಿದಾಗ ಅಭಿಮಾನಿಗಳು ಕಾರು ಕೆಟ್ಟಿತೆಂದರು. 2015ರಲ್ಲಿ ಸಾಧಾರಣ ಮಾದರಿಗಳಿಗೂ ಟರ್ಬೊ ಕೂಡಿಸಿದಾಗ ಮತ್ತೆ ಹಾಗೆಯೇ ಎಂದರು. 2024ರ ಮೇ ತಿಂಗಳಲ್ಲಿ ಅದರ ಜಿಟಿಎಸ್ ಮಾದರಿ ಹೈಬ್ರಿಡ್ ಆಯಿತು.

ಇಲ್ಲಿ ಇಂಜಿನಿಯರರು ಮಾಡಿದ ಉಪಾಯವನ್ನು ಸ್ವಲ್ಪ ವಿವರವಾಗಿ ನೋಡತಕ್ಕದ್ದು. ಟರ್ಬೊ ಎಂದರೆ ಒಲೆ ತನ್ನ ಹೊಗೆಯಿಂದಲೇ ತನ್ನ ಊದುಗೊಳವೆಯನ್ನು ಊದಿಕೊಂಡಂತೆ: ಇಂಜಿನಿನ ಹೊಗೆ ಒಂದು ಚಕ್ರವನ್ನು ತಿರುಗಿಸಿ, ಆ ಚಕ್ರ ಇಂಜಿನಿಗೆ ಹೆಚ್ಚು ಗಾಳಿ ತುಂಬುತ್ತದೆ. ಹೊಗೆ ಬಲಿಯುವವರೆಗೆ ಗಾಳಿಯಿಲ್ಲ. ಆದುದರಿಂದ ಕಾಲು ಒತ್ತಿದೊಡನೆ ಕಾರು ಒಂದು ಕ್ಷಣ ತಡೆಯುತ್ತದೆ. ಹೊಸ 911ರಲ್ಲಿ ಆ ಚಕ್ರದ ಮಧ್ಯದಲ್ಲೇ ಚಿಕ್ಕ ಮೋಟಾರನ್ನಿಟ್ಟು, ಹೊಗೆಗೆ ಕಾಯದೆ ತಿರುಗುವಂತೆ ಮಾಡಿದರು. ಗೇರ್ ಪೆಟ್ಟಿಗೆಯಲ್ಲಿ ಇನ್ನೊಂದು ಮೋಟಾರು. ಬ್ಯಾಟರಿ ಕೇವಲ 1.9 ಕಿಲೋವಾಟ್-ಅವರ್, ತೂಕ 27 ಕಿಲೋ. ಕೇವಲ ವಿದ್ಯುತ್ತಿನಿಂದ ಈ ಕಾರು ಓಡಲಾರದು, ಪ್ಲಗ್ಗೂ ಬೇಡ. ಇಂಜಿನು 3.6 ಲೀಟರಿನದಾಯಿತು, ಒಟ್ಟು ಬಲ 541 ಅಶ್ವಶಕ್ತಿ. ಹಿಂದಿನದಕ್ಕಿಂತ 50 ಕಿಲೋ ಭಾರ ಹೆಚ್ಚಿತಾದರೂ, ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ಪಥದ ಒಂದು ಸುತ್ತನ್ನು 8.7 ಸೆಕೆಂಡು ಬೇಗ ಮುಗಿಸಿತು.

ಇದಕ್ಕೆ ವಿರುದ್ಧವಾದುದು ಮರ್ಸಿಡಿಸ್-ಎಎಂಜಿ ಸಿ 63. ಎಂಟು ಸಿಲಿಂಡರಿನ 4 ಲೀಟರ್ ಇಂಜಿನಿನ ಗುಡುಗಿಗಾಗಿಯೇ ಜನ ಅದನ್ನು ಕೊಳ್ಳುತ್ತಿದ್ದರು. 2022ರಲ್ಲಿ ಆ ಇಂಜಿನನ್ನು ತೆಗೆದು, ನಾಲ್ಕು ಸಿಲಿಂಡರಿನ 2 ಲೀಟರ್ ಇಂಜಿನನ್ನೂ ಮೋಟಾರನ್ನೂ ಇಟ್ಟರು. ಬಲ 680 ಅಶ್ವಶಕ್ತಿಗೆ ಏರಿತು. ತೂಕವೂ ಎರಡು ಟನ್ನು ದಾಟಿತು. ಕಾಗದದ ಮೇಲೆ ಎಲ್ಲವೂ ಹೆಚ್ಚಾಗಿದ್ದರೂ ಹಳೆಯ ಅಭಿಮಾನಿಗಳು ಒಲಿಯಲಿಲ್ಲ.

ಒರಳುಕಲ್ಲಿನ ಸಾಕ್ಷಿ

ಈ ಭೇದ ನಮ್ಮ ಹೋಟೆಲು ಬಂಧುಗಳಿಗೆ ಬೇಗ ತಿಳಿಯತಕ್ಕದ್ದು. ಒರಳುಕಲ್ಲಿನ ಮುಂದೆ ಗಂಟೆಗಟ್ಟಲೆ ಕುಳಿತು ಉದ್ದು ರುಬ್ಬುತ್ತಿದ್ದ ಕಾಲದಲ್ಲಿ ವಿದ್ಯುತ್ ಗ್ರೈಂಡರ್ ಬಂದಿತು. ಹಿಟ್ಟಿನ ಹದ ಕೆಡಲಿಲ್ಲ. ಏಕೆಂದರೆ ಕಲ್ಲು ಉಳಿಯಿತು, ತಿರುಗಿಸುವ ಕೈ ಮಾತ್ರ ಬದಲಾಯಿತು. ಅದೇ ಉದ್ದನ್ನು ಮಿಕ್ಸಿಯಲ್ಲಿ ಹಾಕಿದರೆ ಕಲ್ಲಿನ ಸ್ಥಾನದಲ್ಲಿ ಅಲಗು ಬಂದು, ಹಿಟ್ಟು ಬಿಸಿಯೇರಿ, ಇಡ್ಲಿ ಮೊದಲಿನಂತೆ ಉಬ್ಬುವುದಿಲ್ಲ. ಎರಡೂ ವಿದ್ಯುತ್ತಿನ ಯಂತ್ರಗಳೇ. ಒಂದು ಮೂಲದ ಗುಣಕ್ಕೆ ನೆರವಾಯಿತು, ಇನ್ನೊಂದು ಅದರ ಸ್ಥಾನವನ್ನೇ ಕಿತ್ತುಕೊಂಡಿತು. 911ರಲ್ಲಿ ನಡೆದುದು ಗ್ರೈಂಡರಿನ ಕೆಲಸ, ಸಿ 63ರಲ್ಲಿ ನಡೆದುದು ಮಿಕ್ಸಿಯ ಕೆಲಸ.

ಆದರೂ 911ರ ಹೈಬ್ರಿಡ್ಡಿನಲ್ಲಿ ಕಳೆದುಹೋದುದನ್ನು ಮರೆಮಾಚಬಾರದು. ಆ ಜಿಟಿಎಸ್ ಮಾದರಿಗೆ ಕೈಯಿಂದ ಹಾಕುವ ಗೇರು ಇನ್ನಿಲ್ಲ. ಎಂಟು ಗೇರುಗಳೂ ತಾವಾಗಿಯೇ ಬದಲಾಗುತ್ತವೆ. ಕ್ಲಚ್ಚು ಒತ್ತಿ ಗೇರು ಹಾಕುವ ಸುಖವನ್ನು ಬಯಸುವವರು ಹೈಬ್ರಿಡ್ ಅಲ್ಲದ ಕರೇರಾ ಟಿ ಮಾದರಿಯನ್ನು ನೋಡಬೇಕಾಯಿತು. ಬ್ಯಾಟರಿಯಾದರೋ ವರ್ಷಗಳು ಕಳೆದಂತೆ ಬಲಗುಂದುವ ವಸ್ತು. 1964ರ 911 ಇಂದಿಗೂ ಓಡುತ್ತದೆಂದರೆ ಅದರ ಬಿಡಿಭಾಗಗಳನ್ನು ಒಬ್ಬ ಒಳ್ಳೆಯ ಮೇಸ್ತ್ರಿ ಬಿಚ್ಚಿ ತಿದ್ದಬಲ್ಲನೆಂಬುದೇ ಕಾರಣ. 400 ವೋಲ್ಟಿನ ಯಂತ್ರವನ್ನು ಹಾಗೆ ಬರಿಗೈಯಲ್ಲಿ ಮುಟ್ಟುವಂತಿಲ್ಲ, ಪ್ರಾಣಕ್ಕೇ ಅಪಾಯ.

ಪುದುಪೇಟೆಯ ಅಂಗಡಿಗಳ ಮುಂದೆ ಕುಳಿತು, ದನಿ ಕೇಳಿಯೇ ಇಂಜಿನಿನ ರೋಗ ಹೇಳಬಲ್ಲ ಕೆಲಸಗಾರರು ಇದ್ದಾರೆ. ಅವರ ಅನ್ನದ ಪ್ರಶ್ನೆ ಶ್ರೀಮಂತರ ಕಾರಿನ ಪ್ರಶ್ನೆಗಿಂತ ದೊಡ್ಡದು. ಪಂದ್ಯದಲ್ಲಿ ಮೊದಲು ಬಂದುದು ಸ್ಪೋರ್ಟ್ಸ್ ಕಾರಿಗೆ ಬರುತ್ತದೆ, ಬಳಿಕ ಸಂಸಾರದ ಕಾರಿಗೆ, ಕೊನೆಗೆ ಬಾಡಿಗೆಯ ಟ್ಯಾಕ್ಸಿಗೆ. ಗ್ರೈಂಡರ್ ಬಂದಾಗ ರುಬ್ಬುವವನಿಗೆ ಯಂತ್ರ ನೋಡಿಕೊಳ್ಳಲು ಕಲಿಸಿದ ಹೋಟೆಲಿನಲ್ಲಿ ಅವನ ಕೆಲಸ ಉಳಿಯಿತು; ಕಲಿಸದ ಕಡೆ ಅವನು ಗಂಟು ಕಟ್ಟಿಕೊಂಡು ಊರಿಗೆ ಹೋದನು. ಮೋಟಾರ್ ಕಸುಬಿನಲ್ಲಿಯೂ ಇದೇ ನಡೆಯಲಿದೆ.

ಹಾಗಾದರೆ ಒಗ್ಗುವುದೆ, ಇಲ್ಲವೆ? ಒಗ್ಗುತ್ತದೆ, ಮೂರು ಷರತ್ತುಗಳ ಮೇಲೆ. ವಿದ್ಯುತ್ತು ಇಂಜಿನಿಗೆ ನೆರವಾಗಬೇಕು, ಅದರ ಯಜಮಾನನಾಗಬಾರದು. ಕೂಡಿಸಿದ ಭಾರ, ಅದು ತರುವ ಲಾಭಕ್ಕಿಂತ ಕಡಿಮೆಯಿರಬೇಕು. ಮೂವತ್ತು ವರ್ಷದ ಮೇಲೂ ಬ್ಯಾಟರಿ ಬದಲಿಸಿ, ಕಾರನ್ನು ರಿಪೇರಿ ಮಾಡಿ ಓಡಿಸುವಂತಿರಬೇಕು. ಮೊದಲ ಎರಡನ್ನು 911 ಪೂರೈಸಿದೆ; ಮೂರನೆಯದನ್ನು ಕಾಲವೇ ಪರೀಕ್ಷಿಸತಕ್ಕದ್ದು.

ಕೊನೆಯದಾಗಿ ಒಂದು ಸೂಚನೆ. ನಮ್ಮ ಮಾಣಿಗಳ, ಅಡಿಗೆಯವರ, ಗುಮಾಸ್ತರ ಮಕ್ಕಳಲ್ಲಿ ಯಂತ್ರದ ಆಸೆಯಿರುವವರು ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ಐಟಿಐ ಸೇರುವುದುಂಟು. ಅಲ್ಲಿ ಈಗ ವಿದ್ಯುತ್ ವಾಹನದ ಮೆಕ್ಯಾನಿಕ್ ಎಂಬ ತರಬೇತಿಯೂ ಇದೆ. ಇಂಜಿನಿನ ಜೊತೆಗೆ ಅದನ್ನೂ ಕಲಿಯುವಂತೆ ತಂದೆತಾಯಿಗಳು ಹೇಳಲಿ. ಎರಡು ಶಕ್ತಿಯ ಕಾರನ್ನು ತಿದ್ದಲು ಎರಡೂ ಬಲ್ಲವನೇ ಬೇಕು, ಅಂಥವನಿಗೆ ಚೆನ್ನೈಯಲ್ಲಾಗಲಿ ಬಿಡದಿಯಲ್ಲಾಗಲಿ ಅನ್ನಕ್ಕೆ ಕೊರತೆಯಾಗದು.